ಯಜಮಾನರಿಲ್ಲದ ಮನೆಯಲ್ಲಿ ಬೆಕ್ಕಿನ ಕಾರುಭಾರು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸ)



ಪ್ರಯಾಣಕ್ಕೆ ಹೊರಟವರಿಗೆ ಬೆಕ್ಕು ಅಡ್ಡಬಂದರೆ ಅಪಶಕುನವೆಂಬ ನಂಬಿಕೆ ನಮ್ಮಲ್ಲಿ ಉಂಟು. ಮೆಟ್ಟಿಲಿಳಿದವರು ಮರಳಿ ಚಾವಡಿಗೆ ಬಂದು, ಗಳಿಗೆ ಹೊತ್ತು ಕುಳಿತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುವುದನ್ನು ನಾವೆಲ್ಲರೂ ಕಂಡವರೇ. ಬೆಕ್ಕಿನಿಂದ ನಮ್ಮ ಪ್ರಯಾಣಕ್ಕೆ ಒದಗುವ ಕೇಡನ್ನು ಇಷ್ಟು ಆಳವಾಗಿ ವಿಚಾರಿಸಿದ ನಾವು, ನಮ್ಮ ಪ್ರಯಾಣದಿಂದ ಬೆಕ್ಕಿಗೆ ಒದಗುವ ಕೇಡನ್ನು ವಿಚಾರಿಸಿದುದು ಕಡಿಮೆ. ಊರಿನಿಂದ ಹಿಂದಿರುಗಿ ಬಾಗಿಲು ತೆರೆದೊಡನೆ ಅದರ ಮೇಲೆ ದೂರು ಹೊರಿಸುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದವರಲ್ಲ. ನಾಡುನುಡಿಯ ಗಹನವಾದ ಪ್ರಶ್ನೆಗಳನ್ನು ಎತ್ತಿಕೊಳ್ಳುವ ಈ ವೇದಿಕೆಯಲ್ಲಿ ಬೆಕ್ಕಿನ ಮಾತೇಕೆಂದು ಹುಬ್ಬೇರಿಸುವವರು ಉಪನ್ಯಾಸ ಮುಗಿಯುವವರೆಗೆ ಸೈರಿಸಬೇಕೆಂದು ನಮ್ಮ ಬಿನ್ನಹ.

ಮೊದಲು ಹೆಸರಿನಿಂದ ತೊಡಗೋಣ. ಏಳು ಭಾಷೆಗಳ ಸಂಗಮವೆನಿಸಿದ ಈ ಕಾಸರಗೋಡು ನಾಡಿನಲ್ಲಿ ಕನ್ನಡಿಗರ ಬೆಕ್ಕು ತುಳುವರಿಗೆ ಪುಚ್ಚೆ, ಮಲಯಾಳಿಗಳಿಗೆ ಪೂಚ್ಚ, ಕೊಂಕಣಿಗರಿಗೆ ಮಾಜ್ಜರ, ಮರಾಠಿಯವರಿಗೆ ಮಾಂಜರ. ಯಾವ ಭಾಷೆಯಲ್ಲಿ ಕರೆದರೂ ಮೀನಿನ ವಾಸನೆಯಿದ್ದರೆ ಬರುತ್ತದೆ, ಇಲ್ಲದಿದ್ದರೆ ಯಾವ ಭಾಷೆಯೂ ತನಗೆ ತಿಳಿಯದೆಂಬಂತೆ ಮೀಸೆ ತೀಡಿಕೊಳ್ಳುತ್ತದೆ. ಅಮರಕೋಶವು ಬೆಕ್ಕಿಗೆ ಓತು, ಬಿಡಾಲ, ಮಾರ್ಜಾರ, ವೃಷದಂಶಕ, ಆಖುಭುಕ್ ಎಂದು ಐದು ಹೆಸರುಗಳನ್ನು ಕೊಟ್ಟಿದೆ. ಕೊನೆಯ ಎರಡು ಇಲಿಯನ್ನು ಕಚ್ಚುವುದು, ಇಲಿಯನ್ನು ತಿನ್ನುವುದು ಎಂಬ ಅರ್ಥದವು. ಮಾರ್ಜಾರವೆಂಬುದು ಒರಸು, ಶುಚಿಮಾಡು ಎಂಬ ಧಾತುವಿನಿಂದ ಹುಟ್ಟಿದುದು. ಬೇಟೆಯನ್ನೂ ಶುಚಿತ್ವವನ್ನೂ ಕಂಡು ಹೀಗೆ ಹೆಸರಿಟ್ಟರಲ್ಲದೆ ಹಾಲು ಕದ್ದುದನ್ನು ಕಂಡು ಇಟ್ಟಂತೆ ತೋರುವುದಿಲ್ಲ.

ಆದರೆ ಕಥೆಗಾರರು ನಿಘಂಟುಕಾರರಷ್ಟು ಉದಾರಿಗಳಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಗಂಗೆಯ ದಡದ ಬೆಕ್ಕೊಂದು ತೋಳೆತ್ತಿ ತಪಸ್ಸಿಗೆ ನಿಂತು, ನಂಬಿ ಬಂದ ಇಲಿಗಳನ್ನು ದಿನಕ್ಕಿಷ್ಟರಂತೆ ನುಂಗುತ್ತದೆ. ಏಳನೆಯ ಶತಮಾನದ ಪಲ್ಲವ ಶಿಲ್ಪಿಗಳು ಮಹಾಬಲಿಪುರದ ಹೆಬ್ಬಂಡೆಯಲ್ಲಿ ಕಡೆದ ತಪಸ್ವಿ ಬೆಕ್ಕನ್ನೂ ಅದರ ಸುತ್ತಲಿನ ಇಲಿಗಳನ್ನೂ ಇಂದಿಗೂ ನೋಡಬಹುದು. ಹಿತೋಪದೇಶದ ದೀರ್ಘಕರ್ಣನೆಂಬ ಬೆಕ್ಕು ಕುರುಡು ಹದ್ದು ಜರದ್ಗವನ ಆಶ್ರಯ ಬೇಡಿ, ಹಕ್ಕಿಮರಿಗಳನ್ನು ತಿಂದು, ಎಲುಬುಗಳನ್ನು ಹದ್ದಿನ ಪೊಟರೆಯಲ್ಲಿ ಬಿಟ್ಟು ಓಡುತ್ತದೆ. ಬೂಟಾಟಿಕೆಯ ಧಾರ್ಮಿಕನ ನಡತೆಗೆ ಸ್ಮೃತಿಕಾರರು ಬೈಡಾಲವ್ರತವೆಂದೇ ಹೆಸರಿಟ್ಟರು. ಇವೆಲ್ಲವೂ ಮನುಷ್ಯನ ಗುಣಗಳು. ಬೆಕ್ಕಿನ ತೊಗಲು ಹೊದಿಸಿದ್ದಾರೆ, ಅಷ್ಟೆ. ನಿಜವಾದ ಬೆಕ್ಕು ಅಕ್ಕಿಹಿಟ್ಟಿನ ಮೇಲೆ ನಡೆದರೆ ನಾಲ್ಕು ಕಾಲಿನ ಗುರುತನ್ನೂ ಸ್ಪಷ್ಟವಾಗಿ ಬಿಟ್ಟೇ ಹೋಗುತ್ತದೆ.

ಇನ್ನು ಬೀಗ ಹಾಕಿದ ಮನೆಯೊಳಗೆ ಇಣುಕೋಣ. ಮನೆಮಂದಿಯೆಲ್ಲ ಪುತ್ತೂರಿನ ಮದುವೆಗೋ ಕುಕ್ಕೆ ಸುಬ್ರಹ್ಮಣ್ಯದ ಯಾತ್ರೆಗೋ ಹೊರಟಿದ್ದಾರೆ. ಬೆಕ್ಕಿನ ಮೊದಲ ಸವಾರಿ ಅಡುಗೆಮನೆಗೆ. ತನ್ನ ಎತ್ತರದ ಐದಾರು ಪಾಲು ಮೇಲಕ್ಕೆ ನೆಗೆಯಬಲ್ಲ ಪ್ರಾಣಿಗೆ ನಮ್ಮ ನೆಲುವು ಒಂದು ಮೋಜಿನ ಉಯ್ಯಾಲೆ. ಮೊಸರಿನ ಗಡಿಗೆ ಉರುಳುತ್ತದೆ, ತುಪ್ಪದ ಭರಣಿಯ ಮುಚ್ಚಳ ಜಾರುತ್ತದೆ. ಹೋಳಿಗೆಯಿದ್ದರೆ ಮೇಲಿನ ತುಪ್ಪವನ್ನು ನೆಕ್ಕಿ ಹೋಳಿಗೆಯನ್ನು ಅಲ್ಲಿಯೇ ಬಿಡುವುದುಂಟು. ಇದು ಹೊಟ್ಟೆಯುರಿಸಲು ಮಾಡಿದುದಲ್ಲ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಸಿಹಿಯನ್ನು ಗ್ರಹಿಸಲು ಬೇಕಾದ ವಂಶವಾಹಿಗಳಲ್ಲಿ ಒಂದು ಆ ಕುಲದಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಬೆಲ್ಲ ಹೂರಣಗಳು ಅದಕ್ಕೆ ಮಣ್ಣಿಗೆ ಸಮಾನ. ತುಪ್ಪದ ಜಿಡ್ಡು ಮಾತ್ರ ಪರಮಾನ್ನ.

ಎರಡನೆಯ ಸವಾರಿ ಮಲಗುವ ಕೋಣೆಗೆ. ಯಜಮಾನರ ಮಡಿಸಿಟ್ಟ ಪಂಚೆ, ಅಮ್ಮನ ಸೀರೆ, ಅಜ್ಜನ ಬೆತ್ತದ ಕುರ್ಚಿ, ಇವನ್ನೇ ಆರಿಸಿಕೊಂಡು ಉಗುರು ಮಸೆಯುತ್ತದೆ, ಕೆನ್ನೆ ಉಜ್ಜುತ್ತದೆ, ಸುತ್ತಿಕೊಂಡು ಮಲಗುತ್ತದೆ. ಬೆಕ್ಕಿನ ಕೆನ್ನೆಯಲ್ಲಿಯೂ ಅಂಗಾಲಿನಲ್ಲಿಯೂ ವಾಸನೆಯ ಗ್ರಂಥಿಗಳಿವೆ. ತನ್ನ ವಾಸನೆ ಬೆರೆತಿದ್ದರೆ ಆ ಜಾಗ ತನ್ನದು, ನಿರ್ಭಯವಾದುದು. ಒಡೆಯರ ಬಟ್ಟೆಯಲ್ಲಿ ಎರಡು ವಾಸನೆಗಳೂ ಇರುವುದರಿಂದ ಅಲ್ಲಿ ಬೀಡುಬಿಡುತ್ತದೆ. ಹರಿದ ಸೀರೆಯನ್ನು ಕಂಡವರಿಗೆ ಈ ಮಾತು ಸಮಾಧಾನ ತರಲಾರದೆಂಬುದನ್ನು ನಾವು ಬಲ್ಲೆವು.

ಮೂರನೆಯದು ಸಂಸಾರದ ವಿಷಯ. ಬೆಕ್ಕಿನ ಗರ್ಭಕಾಲ ಸುಮಾರು ಒಂಬತ್ತು ವಾರ. ದೂರದ ನಗರದ ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಹೋಗಿ ಬಂದವರಿಗೆ, ಹಾಸಿಗೆಯ ಸುರುಳಿಯಲ್ಲಿಯೋ ಅಡಕೆಯ ಗೋಣಿಗಳ ಸಂದಿಯಲ್ಲಿಯೋ ಇನ್ನೊಂದು ಬಾಣಂತನ ಎದುರಾಗುವುದುಂಟು. ನಿಶ್ಶಬ್ದವಾದ, ಕತ್ತಲಾದ, ಬೆಚ್ಚನೆಯ ಮೂಲೆಯನ್ನು ತಾಯಿಬೆಕ್ಕು ಹುಡುಕುತ್ತದೆ. ಬೀಗ ಹಾಕಿದ ಮನೆ ಅದಕ್ಕೆ ಹೇಳಿ ಮಾಡಿಸಿದ ಸೂತಿಕಾಗೃಹ.

ಮತ್ತೆ ಕೆಲವು ದೂರುಗಳು ಸುಳ್ಳು. ರಾತ್ರಿಯೆಲ್ಲ ಅಟ್ಟದಲ್ಲಿ ದಡದಡ ಸದ್ದು, ಹಂಚು ಸರಿದ ಗುರುತು, ಮೂಲೆಯಲ್ಲಿ ಹಣ್ಣಿನ ಬೀಜಗಳ ಹಿಕ್ಕೆ: ಇವನ್ನು ಕಂಡು ಬೆಕ್ಕನ್ನು ಬಯ್ಯುವವರು ಹಲವರು. ಇದು ಬಹುಮಟ್ಟಿಗೆ ಪುನುಗಿನ ಜಾತಿಗೆ ಸೇರಿದ, ಮಲಯಾಳದಲ್ಲಿ ಮರಪಟ್ಟಿಯೆನ್ನುವ ಪ್ರಾಣಿಯ ಕೆಲಸ. ಮೋರೆ ಸ್ವಲ್ಪ ಹೋಲುವುದಾದರೂ ಅದು ಬೆಕ್ಕಿನ ಕುಲದ್ದಲ್ಲ. ಹಗಲಿಡೀ ಮಾಡಿನ ಕೆಳಗೆ ನಿದ್ರಿಸಿ ರಾತ್ರಿ ಹಣ್ಣು ಹುಡುಕಿ ಹೊರಡುವ ಆ ಜೀವಿಗೆ ಜನವಿಲ್ಲದ ಹಂಚಿನ ಮನೆಯೆಂದರೆ ಬಲು ಪ್ರೀತಿ. ಅದು ಮಾಡಿದ ರಂಪಕ್ಕೆ ಶಿಕ್ಷೆ ನಮ್ಮ ಬಡ ಪುಚ್ಚೆಗೆ.

ಹಾಗಾದರೆ ಯಜಮಾನರಿಲ್ಲದಾಗ ಬೆಕ್ಕಿನ ಮನಸ್ಸಿನಲ್ಲಿ ಏನು ನಡೆಯುತ್ತದೆ? ನಾಯಿ ಒಡೆಯನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಇದಕ್ಕೆ ಆಧಾರವಿಲ್ಲದಿಲ್ಲ. ಮನುಷ್ಯ ಬೇಸಾಯ ಕಲಿತು ಧಾನ್ಯ ಕೂಡಿಟ್ಟಾಗ ಇಲಿ ಬಂತು. ಇಲಿಯ ಬೆನ್ನು ಹಿಡಿದು ಪಶ್ಚಿಮ ಏಷ್ಯದ ಕಾಡುಬೆಕ್ಕು ಕಣಜದ ಬಾಗಿಲಿಗೆ ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ ಸುಮಾರು 9,500 ವರ್ಷ ಹಿಂದಿನ ಬೆಕ್ಕಿನ ಅಸ್ಥಿ ದೊರೆತುದು 2004ರಲ್ಲಿ ಪ್ರಕಟವಾಯಿತು. ನಂಟು ಕಣಜದಿಂದ ಮೊದಲಾದುದು ನಿಜ. ಆದರೆ ಪಕ್ಕದಲ್ಲಿ ಹೂಳುವಷ್ಟು ಸಲಿಗೆ ಬೆಳೆದುದೂ ನಿಜ. ಸ್ವೀಡನ್ ದೇಶದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರ್ಧ ಗಂಟೆ ಒಂಟಿಯಾಗಿದ್ದುದಕ್ಕಿಂತ ನಾಲ್ಕು ಗಂಟೆ ಒಂಟಿಯಾಗಿದ್ದ ಬೆಕ್ಕುಗಳು ಒಡೆಯರು ಬಂದಾಗ ಹೆಚ್ಚಾಗಿ ಗುರುಗುಟ್ಟಿದುವು, ಮೈಮುರಿದುವು. ಬ್ರೆಜಿಲ್ ದೇಶದಲ್ಲಿ 2020ರಲ್ಲಿ 223 ಬೆಕ್ಕುಗಳ ವಿಷಯವಾಗಿ ಒಡೆಯರನ್ನು ವಿಚಾರಿಸಿದರು. ಅಗಲಿಕೆಯ ಸಂಕಟದ ಲಕ್ಷಣಗಳು 30 ಬೆಕ್ಕುಗಳಲ್ಲಿ ಕಂಡುಬಂದುವು. ಆ ಮೂವತ್ತರಲ್ಲಿ 20 ಸಾಮಾನು ಹಾಳುಮಾಡುತ್ತಿದ್ದುವು, 19 ಎಡೆಬಿಡದೆ ಕೂಗುತ್ತಿದ್ದುವು, 18 ಕಂಡಕಂಡಲ್ಲಿ ಮೂತ್ರ ಮಾಡುತ್ತಿದ್ದುವು. ಎಲ್ಲ ಬೆಕ್ಕುಗಳೂ ಹೀಗಲ್ಲವೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಆದರೂ ತುಂಟಾಟವೆಂದು ನಾವು ನಕ್ಕೋ ಸಿಟ್ಟಾಗಿಯೋ ಬಿಟ್ಟುಬಿಡುವ ಕೆಲವು ಚೇಷ್ಟೆಗಳ ಹಿಂದೆ ಕಳವಳವೂ ಇರುವುದೆಂದು ತಿಳಿದಂತಾಯಿತು.

ಹಿಂದೆ ಈ ಪ್ರಶ್ನೆ ಇಷ್ಟು ಬಾಧಿಸುತ್ತಿರಲಿಲ್ಲ. ಬೆಳ್ಳೂರಿನ ಕೂಡುಕುಟುಂಬದ ಮನೆ ಬರಿದಾಗುವುದೇ ಅಪೂರ್ವವಾಗಿತ್ತು. ದೇವರಿಗೆ ದೀಪ ಹಚ್ಚಲು, ಹಟ್ಟಿಯ ದನಕ್ಕೆ ಹುಲ್ಲು ಹಾಕಲು, ಅಂಗಳದ ಅಡಕೆಯನ್ನು ಮಳೆಗೆ ಮುನ್ನ ರಾಶಿಮಾಡಲು ಯಾರಾದರೊಬ್ಬರು ಉಳಿಯುತ್ತಿದ್ದರು. ಅವರ ಎಲೆಯ ಅಂಚಿನಲ್ಲಿ ಬೆಕ್ಕಿನ ತುತ್ತೂ ಇರುತ್ತಿತ್ತು. ಇಂದು ಹಲವು ಮನೆಗಳಲ್ಲಿ ಇಬ್ಬರೇ ವೃದ್ಧರು. ಮಕ್ಕಳು ಮಂಗಳೂರು, ಬೆಂಗಳೂರು, ಕೊಲ್ಲಿ ನಾಡುಗಳಲ್ಲಿ. ವೃದ್ಧರು ಮಕ್ಕಳನ್ನು ನೋಡಹೊರಟರೆ ವಾರವಲ್ಲ, ತಿಂಗಳುಗಳೇ ಕಳೆಯುತ್ತವೆ. ಹಟ್ಟಿ ಬರಿದು, ಒಲೆ ತಣ್ಣಗೆ, ಬಾಗಿಲಿಗೆ ಬೀಗ. ಆ ಮನೆಯಲ್ಲಿ ಉಳಿಯುವ ಒಂದೇ ಜೀವ ಬೆಕ್ಕು.

ಆಗ ನಡೆಯುವುದೆಲ್ಲ ನಗುವ ಸಂಗತಿಯಲ್ಲ. ಹೊರಡುವ ಗಡಿಬಿಡಿಯಲ್ಲಿ ಪತ್ತಾಯದ ಹಿಂದೆಯೋ ಅಟ್ಟದಲ್ಲಿಯೋ ಮಲಗಿದ ಬೆಕ್ಕು ಒಳಗೇ ಸಿಕ್ಕಿಬೀಳಬಹುದು. ಹಸಿವನ್ನು ಬಹುದಿನ ತಡೆಯುವ ಪ್ರಾಣಿಯೆಂಬುದು ತಪ್ಪು ತಿಳಿವಳಿಕೆ. ಕೆಲವು ದಿನ ಏನನ್ನೂ ತಿನ್ನದ ಬೆಕ್ಕಿಗೆ, ಅದರಲ್ಲಿಯೂ ಕೊಬ್ಬಿದ ಬೆಕ್ಕಿಗೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವೇ ಆಗುತ್ತದೆ. ಕರುಣೆಯಿಂದ ಒಂದು ತಟ್ಟೆ ಹಾಲಿಟ್ಟು ಹೋಗುವುದೂ ಉಪಕಾರವಲ್ಲ. ಹಾಲು ಸಂಜೆಗೆ ಒಡೆಯುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದೂ ಇಲ್ಲ. ಬೇಕಾದುದು ಶುದ್ಧವಾದ ನೀರು. ಇನ್ನು ಕೆಲವರು ಹೊರಡುವ ಮುನ್ನ ಮೂಲೆಮೂಲೆಗೆ ಇಲಿಪಾಷಾಣವಿಡುತ್ತಾರೆ. ಪಾಷಾಣ ತಿಂದು ಸೋತ ಇಲಿ ಬೆಕ್ಕಿಗೆ ಸುಲಭವಾಗಿ ಸಿಕ್ಕುತ್ತದೆ; ಆ ವಿಷ ಬೆಕ್ಕಿಗೂ ಏರುವುದುಂಟು. ತನ್ನ ಕುಲಧರ್ಮವನ್ನು ನಡೆಸಿದುದಕ್ಕೆ ಅದು ಪ್ರಾಣ ತೆರುತ್ತದೆ. ಹೊರಗೆ ಉಳಿದ ಬೆಕ್ಕು ಹೊಟ್ಟೆಗಾಗಿ ಅಲೆದು, ಹಕ್ಕಿಗಳ ಗೂಡಿಗೆ ಕೈಹಾಕಿ, ಬೀದಿಯ ಕಾಳಗಗಳಲ್ಲಿ ಗಾಯಗೊಂಡು ಬರುತ್ತದೆ. ಬೆಕ್ಕಿನಿಂದಲೂ ಹುಚ್ಚುನಾಯಿಯ ರೋಗ ತಗಲಬಹುದಾದುದರಿಂದ, ಅದು ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮಕ್ಕಳು ಮರೆಯಬಾರದು. ಬೆಕ್ಕಿಗೆ ಮುಂಚಿತವಾಗಿಯೇ ಲಸಿಕೆ ಹಾಕಿಸುವುದು ಹಿರಿಯರ ಹೊಣೆ.

ಆದುದರಿಂದ ಪ್ರಯಾಣ ಹೊರಡುವವರು ನಾಲ್ಕು ಕೆಲಸ ಮಾಡಲಿ. ಬೀಗ ಹಾಕುವ ಮೊದಲು ಬೆಕ್ಕು ಎಲ್ಲಿದೆಯೆಂದು ಕಣ್ಣಾರೆ ನೋಡುವುದು, ತಿನ್ನುವ ವಸ್ತುಗಳನ್ನು ಗಟ್ಟಿಮುಚ್ಚಳದ ಪಾತ್ರೆಗಳಲ್ಲಿಡುವುದು, ಪಾಷಾಣವನ್ನು ಕೈಬಿಡುವುದು, ನಾಲ್ಕನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ನೆರೆಮನೆಯವರಿಗೆ ಹೇಳಿ ಬೀಗದ ಕೈ ಕೊಟ್ಟು ಹೋಗುವುದು. ಹಿಂದೆ ಕೂಡುಕುಟುಂಬದಲ್ಲಿ ಉಳಿದುಕೊಳ್ಳುತ್ತಿದ್ದ ಆ ಒಬ್ಬರ ಸ್ಥಾನವನ್ನು ಇಂದು ನೆರೆಮನೆಯೇ ತುಂಬಬೇಕು. ನೆರೆಮನೆಯ ಭಾಷೆ ಯಾವುದೆಂದು ಬೆಕ್ಕು ಕೇಳುವುದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ನಮ್ಮ ಊರಂಚಿನಲ್ಲಿ ಹಾದುಹೋಯಿತು. ನೆಟ್ಟಣಿಗೆ, ಕಿನ್ನಿಂಗಾರುಗಳ ಕಡೆಯ ಬೆಕ್ಕು ಅದನ್ನು ಗಣಿಸದೆ ಬೇಲಿ ನುಸಿದು ಪುತ್ತೂರು ತಾಲೂಕಿನ ಇಲಿಯನ್ನು ಹಿಡಿದು ತರುತ್ತದೆ. ಅದು ಮನ್ನಿಸುವ ಗಡಿ ಒಂದೇ, ತಾನು ಕೆನ್ನೆ ಉಜ್ಜಿದ ಬಾಗಿಲ ದಾರಂದ.

ಸೈರಿಸಬೇಕೆಂದು ಮೊದಲು ಬೇಡಿಕೊಂಡ ಮಾತಿಗೆ ಈಗ ಬಂದೆವು. ಗಡಿನಾಡಿನ ಕನ್ನಡವನ್ನು ಕುರಿತು ನಾವು ಶಾಲೆ, ಕಚೇರಿ, ಆಜ್ಞೆಗಳ ಮಾತನ್ನಾಡುತ್ತೇವೆ, ಆಡಲೇಬೇಕು. ಆದರೆ ಭಾಷೆ ಮೊದಲು ಬದುಕುವುದು ತೆರೆದ ಬಾಗಿಲುಗಳ ನಡುವೆ, ಅಂಗಳದಿಂದ ಅಂಗಳಕ್ಕೆ ಕೂಗಿ ಆಡುವ ಮಾತಿನಲ್ಲಿ. ಒಂದೊಂದು ಮನೆಗೆ ಬೀಗ ಬಿದ್ದಾಗಲೂ ಆ ಕೂಗಿಗೆ ಓಗೊಡುವ ಒಂದು ಕಂಠ ಕಡಿಮೆಯಾಗುತ್ತದೆ. ಮಕ್ಕಳು ಹೊಟ್ಟೆಪಾಡಿಗೆ ದೂರ ಹೋಗುವುದನ್ನು ತಡೆಯುವ ಶಕ್ತಿ ಯಾವ ಸಂಘಕ್ಕೂ ಇಲ್ಲ, ತಡೆಯುವುದು ನ್ಯಾಯವೂ ಅಲ್ಲ. ಬೀಗ ಬಿದ್ದ ಮನೆಯನ್ನು ನೆರೆಯವರು ಮರೆಯದಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಬೆಕ್ಕಿಗೆ ಅನ್ನವಿಡಲೆಂದು ಬಂದವರು ಸರಿದ ಹಂಚನ್ನು ನೋಡುತ್ತಾರೆ, ತುಳಸಿಗೆ ನೀರೆರೆಯುತ್ತಾರೆ, ದೂರವಾಣಿಯಲ್ಲಿ ಮನೆಯವರ ಕ್ಷೇಮ ಕೇಳುತ್ತಾರೆ. ನಾಳೆ ವೃದ್ಧರು ಹಿಂದಿರುಗಿ ಒಂಟಿಯಾಗಿ ಜ್ವರದಲ್ಲಿ ಮಲಗಿದ್ದರೆ, ಬಾಗಿಲು ತಟ್ಟುವ ರೂಢಿಯಾದ ಕೈ ಅಂದೂ ತಟ್ಟುತ್ತದೆ.

ಈ ವರ್ಷ ನಮ್ಮ ಸಂಘದ ವಿದ್ಯಾರ್ಥಿ ಸದಸ್ಯರಿಗೆ ಒಂದು ಕೆಲಸ ವಹಿಸಬೇಕೆಂದು ನಮ್ಮ ಸೂಚನೆ. ತಮ್ಮ ಮನೆಯ ಹತ್ತಿರ ಬೀಗ ಹಾಕಿದ ಮನೆ ಯಾವುದು, ಅಲ್ಲಿ ಬೆಕ್ಕಿದೆಯೇ, ಬೀಗದ ಕೈ ಯಾರಲ್ಲಿದೆಯೆಂದು ಪ್ರತಿಯೊಬ್ಬರೂ ತಿಳಿದುಕೊಳ್ಳಲಿ. ಶಾಲೆಯಿಂದ ಮರಳುವಾಗ ಹಿರಿಯರ ಜತೆಗೂಡಿ ಒಂದು ಬಟ್ಟಲು ನೀರು, ಒಂದು ಹಿಡಿ ಮೀನನ್ನವನ್ನು, ಮೀನು ತಿನ್ನದ ಮನೆಯವರಾದರೆ ಮೊಸರನ್ನವನ್ನು, ಅಲ್ಲಿ ಇಡಲಿ. ಬೆಕ್ಕನ್ನು ಕನ್ನಡದಲ್ಲಿ ಕರೆಯಲಿ. ಬಾರದಿದ್ದರೆ ತುಳುವಿನಲ್ಲಿ ಕರೆಯಲಿ, ಮಲಯಾಳದಲ್ಲಿ ಕರೆಯಲಿ. ಊರಿನಿಂದ ಬಂದ ಮನೆಯವರು ಹರಿದ ಸೀರೆಯನ್ನು ತೋರಿಸಿ ದೂರು ಹೇಳಿದರೆ, ಅದನ್ನು ಕೇಳಿಸಿಕೊಳ್ಳುವುದಕ್ಕೂ ನೆರೆಮನೆಯವರೇ ಬೇಕಷ್ಟೆ.