ಮೂರನೇ ವಾರದಲ್ಲೇ ಮಿಡಿಯುವ ಹೃದಯ

(ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ನೀಡಿದ ಉಪನ್ಯಾಸ)



ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿ ಮೂರು ವಾರ ಕಳೆಯಿತು. ಮತ್ತೆ ಬೆದೆಗೆ ಬರಲಿಲ್ಲ. "ಗಬ್ಬ ನಿಂತಿರಬಹುದು" ಎಂದು ನೀವು ಅಂದುಕೊಳ್ಳುವ ಹೊತ್ತಿಗೆ, ಒಳಗೆ ಅಕ್ಕಿಕಾಳಿನಷ್ಟಿರುವ ಭ್ರೂಣದಲ್ಲಿ ಹೃದಯ ಆಗಲೇ ಬಡಿಯತೊಡಗಿರುತ್ತದೆ. ನಾಲ್ಕನೇ ವಾರದಲ್ಲಿ ಅಲ್ಟ್ರಾಸೌಂಡ್ ಯಂತ್ರದಿಂದ ಈ ಮಿಡಿತವನ್ನು ಕಣ್ಣಾರೆ ನೋಡಬಹುದು.

ಬೇರೆಲ್ಲ ಅಂಗಗಳಿಗಿಂತ ಮೊದಲು ಹೃದಯವೇ ಕೆಲಸ ಆರಂಭಿಸುವುದೇಕೆ? ಭ್ರೂಣ ತೀರ ಚಿಕ್ಕದಿರುವಾಗ ಸುತ್ತಲಿನ ದ್ರವದಿಂದಲೇ ಆಹಾರ ಜಿನುಗಿ ಒಳಸೇರುತ್ತದೆ. ಬೆಳೆದಂತೆ ಅದು ಸಾಲದು. ಹಿತ್ತಲಿನ ನಾಲ್ಕು ಗಿಡಕ್ಕೆ ಕೊಡದಲ್ಲಿ ನೀರು ಹೊಯ್ಯಬಹುದು. ಹೊಲಕ್ಕೆ ಪಂಪ್‌ಸೆಟ್ಟೇ ಬೇಕು.

ಆದರೆ ಪಂಪ್‌ಸೆಟ್ಟನ್ನು ಪೂರ್ತಿ ಜೋಡಿಸಿದ ಮೇಲೆ ಚಾಲೂ ಮಾಡುತ್ತೇವೆ. ಹೃದಯವಾದರೋ ಕಟ್ಟುತ್ತಿರುವಾಗಲೇ ಓಡುತ್ತದೆ. ಮೊದಲು ಎರಡು ತೆಳು ಕೊಳವೆಗಳು ಮೂಡಿ ಒಂದಾಗಿ ಕೂಡುತ್ತವೆ. ಆ ಕೊಳವೆ ಬಲಕ್ಕೆ ಬಾಗಿ ಸುತ್ತಿಕೊಳ್ಳುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಒಳಗೆ ಗೋಡೆಗಳೆದ್ದು ನಾಲ್ಕು ಕೋಣೆಗಳಾಗುತ್ತವೆ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿ ಮುಚ್ಚದಿದ್ದರೆ ಹೃದಯದಲ್ಲಿ ತೂತು ಉಳಿದ ಕರು ಹುಟ್ಟುತ್ತದೆ. ತೂತು ದೊಡ್ಡದಾದರೆ ಕರುವಿಗೆ ಏದುಸಿರು, ಬೆಳವಣಿಗೆ ಕುಂಠಿತ.

ಇಷ್ಟೆಲ್ಲ ತಿಳಿದದ್ದು ಬಹುಪಾಲು ಕೋಳಿಮೊಟ್ಟೆ ಮತ್ತು ಇಲಿಗಳ ಭ್ರೂಣದ ಅಧ್ಯಯನದಿಂದ. ಕೊಳವೆ ಮೂಡಿದ ಮೇಲೂ ಹೊಸ ಜೀವಕೋಶಗಳು ಬಂದು ಸೇರಿ ಹೃದಯ ಬೆಳೆಯುತ್ತದೆಂದು 2001ರಲ್ಲಿ ವಿಜ್ಞಾನಿಗಳು ತೋರಿಸಿದರು. ಇಲಿಯ ಹೃದಯ ಎಂಟನೇ ದಿನದ ಸುಮಾರಿಗೆ ಮಿಡಿಯುತ್ತದೆಂಬ ಎಣಿಕೆಯಿತ್ತು. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳೂವರೆ ದಿನಕ್ಕೇ, ಕೊಳವೆಯ ಆಕಾರ ಬರುವ ಮೊದಲೇ, ಮಿಡಿತ ಕಂಡರು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದು. ಆರು ವಾರದ ಹಿಂದೆ ಗರ್ಭಧಾರಣೆಯಾದ ಹಸು ಬೆದೆ ತೋರಿಸುತ್ತಿದೆ ಎಂದು ಒಬ್ಬ ತಾಯಿ ಕರೆದರು. ಅವಸರದಲ್ಲಿದ್ದ ನಾನು ಹಿಂದಿನ ದಿನಾಂಕ ಕೇಳಲಿಲ್ಲ, ಪರೀಕ್ಷಿಸಲೂ ಇಲ್ಲ; ಗರ್ಭಧಾರಣೆ ಮಾಡಿ ಹೊರಟೆ. ಕೆಲವೇ ದಿನಗಳಲ್ಲಿ ಹಸು ಕಂದು ಹಾಕಿತು. ಆಕೆ ಬಾಳೆಯೆಲೆಯಲ್ಲಿ ತಂದು ತೋರಿಸಿದರು. ಹೆಬ್ಬೆರಳಿನ ತುದಿಯಷ್ಟು ಭ್ರೂಣ. ಎದೆಯ ಜಾಗದಲ್ಲಿ ಕಪ್ಪುಗೆಂಪು ಚುಕ್ಕೆ. ಆಕೆ ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಆದ್ದರಿಂದ ಬಾಂಧವರೇ, ಈ ಮಾತುಗಳನ್ನು ಗಮನದಲ್ಲಿಡಿ:

1. ಗರ್ಭಧಾರಣೆಯ ದಿನಾಂಕವನ್ನು ತಪ್ಪದೆ ಬರೆದಿಡಿ. ಗೋಡೆಯ ಕ್ಯಾಲೆಂಡರಾದರೂ ಸರಿ.

2. ಗಬ್ಬದ ಹಸುಗಳಲ್ಲೂ ಕೆಲವು ಬೆದೆಯ ಲಕ್ಷಣ ತೋರುತ್ತವೆ. ಮತ್ತೆ ಗರ್ಭಧಾರಣೆಗೆ ಮುಂಚೆ ಹಿಂದಿನ ದಿನಾಂಕ ತಿಳಿಸಿ, ಪರೀಕ್ಷೆ ಮಾಡಿಸಿ.

3. ಮೊದಲ 45 ದಿನ ಅಲ್ಬೆಂಡಜೋಲ್ ಜಂತುನಾಶಕ ಕುಡಿಸಬೇಡಿ. ಬೆಳೆಯುತ್ತಿರುವ ಭ್ರೂಣಕ್ಕೆ ಅದು ಅಪಾಯ. ವೈದ್ಯರ ಸಲಹೆಯಿಲ್ಲದೆ ಬೆದೆ ಬರಿಸುವ ಚುಚ್ಚುಮದ್ದೂ ಬೇಡ.

4. ಬೇಸಿಗೆಯಲ್ಲಿ ನೆರಳು, ಬೇಕಾದಷ್ಟು ನೀರು ಒದಗಿಸಿ. ಗರ್ಭಧಾರಣೆಯಾದ ಮೊದಲ ದಿನಗಳಲ್ಲಿ ಬಿಸಿಲಿನ ಧಗೆ ಭ್ರೂಣವನ್ನು ಕೆಡಿಸುತ್ತದೆ.

5. 60ರಿಂದ 90 ದಿನಗಳೊಳಗೆ ಪಶುವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ.

ಹೊಟ್ಟೆ ಉಬ್ಬಿ ಕಂಡ ಮೇಲೆ ಹಸುವಿನ ಆರೈಕೆ ಎಲ್ಲರೂ ಮಾಡುತ್ತೇವೆ. ಏನೂ ಕಾಣದ ಆ ಮೊದಲ ಆರು ವಾರಗಳಲ್ಲೇ ಕರುವಿನ ಹೃದಯ ಕಟ್ಟುತ್ತಿರುತ್ತದೆ. ಎಚ್ಚರ ಅಲ್ಲಿಂದಲೇ ಇರಲಿ.