ಬೋಲ್ಟು ಹೊಂದಿದರೆ ಸಾಲದು, ಬ್ರೇಕು ಹೊಂದಬೇಕು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರಗಳ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಇಂದು ಹಳೆಯ ಜೀಪುಗಳ ಬ್ರೇಕಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮಲೆನಾಡಿನ ತೋಟದ ದಾರಿಗಳಲ್ಲಿ ಇವು ಇಂದಿಗೂ ಅಡಿಕೆ, ಕಾಫಿ, ಗೊಬ್ಬರದ ಮೂಟೆಗಳನ್ನು ಹೊತ್ತು ಓಡುತ್ತಿವೆ. ಮೂಟೆಗಳ ಮೇಲೆ ಆಳುಗಳು, ಹೆಂಗಸರು, ಮಕ್ಕಳೂ ಕುಳಿತಿರುತ್ತಾರೆ. ಇಳಿಜಾರಿನಲ್ಲಿ ಅಷ್ಟು ಜನರ ಪ್ರಾಣವೂ ಬ್ರೇಕನ್ನೇ ನಂಬಿರುತ್ತದೆ.

ಜೀಪು ಹಳೆಯದಾದಂತೆ ಅದರ ಮಾಸ್ಟರ್ ಸಿಲಿಂಡರು ಸವೆದು ಸೋರತೊಡಗುತ್ತದೆ. ಅದೇ ಮಾದರಿಯದು ಬೇಕಾದಾಗ ಸಿಕ್ಕುವುದಿಲ್ಲ. ಆಗ ಗುಜರಿ ಅಂಗಡಿಯಿಂದ ಬೇರೊಂದು ವಾಹನದ ಸಿಲಿಂಡರು ತಂದು, “ಬೋಲ್ಟಿನ ತೂತು ಸರಿಹೋಯಿತು, ಇನ್ನೇನು ಚಿಂತೆ?” ಎಂದು ಕೂರಿಸಿಬಿಡುವುದುಂಟು. ಅಪಾಯವಿರುವುದು ಇಲ್ಲಿಯೇ.

ಮಾಸ್ಟರ್ ಸಿಲಿಂಡರು ಒಂದು ಪಿಚಕಾರಿ ಇದ್ದಂತೆ. ಪೆಡಲನ್ನು ತುಳಿದರೆ ಒಳಗಿನ ಪಿಸ್ಟನ್ನು ಬ್ರೇಕ್ ಎಣ್ಣೆಯನ್ನು ಕೊಳವೆಗಳ ಮೂಲಕ ನಾಲ್ಕು ಚಕ್ರಗಳಿಗೂ ತಳ್ಳುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿಕೊಟ್ಟನು. ಬ್ರೇಕು ಕೆಲಸಮಾಡುವುದು ಈ ತತ್ತ್ವದ ಮೇಲೆಯೇ.

ಮೊದಲನೆಯದಾಗಿ, ಸಿಲಿಂಡರಿನ ಒಳ ಅಗಲವನ್ನು ಅಳೆಯಬೇಕು. ಹಳೆಯ ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಇದು 1 ಅಂಗುಲ. ಅದರ ಬದಲು ಮುಕ್ಕಾಲು ಅಂಗುಲದ್ದನ್ನು ಹಾಕಿದಿರೆನ್ನಿ. ಒಂದೇ ದೂರ ತುಳಿದಾಗ 16 ಪಾಲು ಎಣ್ಣೆ ಹೋಗಬೇಕಾದಲ್ಲಿ 9 ಪಾಲು ಮಾತ್ರ ಹೋಗುತ್ತದೆ. ಒತ್ತಡ ಹೆಚ್ಚುವುದು ನಿಜ. ಆದರೆ ಬ್ರೇಕು ಹಿಡಿಯುವ ಮೊದಲೇ ಪೆಡಲು ನೆಲ ಮುಟ್ಟಬಹುದು. ಮುಕ್ಕಾಲು ಅಂಗುಲವಿದ್ದ ಕಡೆ 1 ಅಂಗುಲದ್ದನ್ನು ಹಾಕಿದರೆ ಇದು ತಿರುಗುಮುರುಗಾಗುತ್ತದೆ. ಪೆಡಲು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಅದೇ ತುಳಿತಕ್ಕೆ ಬರುವ ಒತ್ತಡ 16ರಲ್ಲಿ 9 ಪಾಲು ಮಾತ್ರ. “ಪೆಡಲು ಕಲ್ಲಿನಂತಿದೆ, ಬ್ರೇಕು ಚೆನ್ನಾಗಿದೆ” ಎಂದು ಮೋಸಹೋಗಬಾರದು. ಹೊಸ ವಾಹನಗಳಲ್ಲಿ ಕಾಲಿಗೆ ನೆರವಾಗುವ ಬೂಸ್ಟರ್ ಇರುವುದರಿಂದ ಅವುಗಳ ಸಿಲಿಂಡರು ಅಗಲವಾಗಿರುವುದುಂಟು. ಬೂಸ್ಟರಿಲ್ಲದ ಜೀಪಿಗೆ ಅದನ್ನು ಹಾಕಿದರೆ ಎಷ್ಟು ತುಳಿದರೂ ಸಾಲದು.

ಎರಡನೆಯದಾಗಿ, ಪೆಡಲಿನಿಂದ ಪಿಸ್ಟನ್ನಿಗೆ ಹೋಗುವ ತಳ್ಳುಕಡ್ಡಿ. ಇದು ಉದ್ದವಾದರೆ ಎಣ್ಣೆ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡು, ಕಾಲು ತೆಗೆದರೂ ಬ್ರೇಕು ಬಿಡದೆ ಡ್ರಮ್ಮು ಕಾಯುತ್ತದೆ. ಗಿಡ್ಡವಾದರೆ ಅರ್ಧ ತುಳಿತ ವ್ಯರ್ಥ.

ಮೂರನೆಯದಾಗಿ, ಡ್ರಮ್ ಬ್ರೇಕಿನ ಸಿಲಿಂಡರಿನಲ್ಲಿ ಕೊಳವೆಯೊಳಗೆ ಸ್ವಲ್ಪ ಒತ್ತಡ ಉಳಿಸುವ ಚಿಕ್ಕ ಕವಾಟವಿರುವುದುಂಟು. ಡಿಸ್ಕ್ ಬ್ರೇಕಿನ ಚಕ್ರಕ್ಕೆ ಇದನ್ನು ಜೋಡಿಸಿದರೆ ಬ್ರೇಕು ಸದಾ ಉಜ್ಜುತ್ತಲೇ ಇರುತ್ತದೆ.

ನಾಲ್ಕನೆಯದಾಗಿ, ಕೊಳವೆಯ ಮರೆ. ಅಂಗುಲದ ಮರೆಯೂ ಮಿಲಿಮೀಟರಿನ ಮರೆಯೂ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಬಲವಂತದಿಂದ ತಿರುಗಿಸಿದರೆ ಆ ದಿನ ನಿಂತೀತು. ಜೋರಾಗಿ ತುಳಿದ ದಿನ ಕಿತ್ತುಬಂದೀತು.

ಐದನೆಯದಾಗಿ, ಎಣ್ಣೆ. ಡಾಟ್ 3 ಅಥವಾ ಡಾಟ್ 4 ಎಂದು ಬರೆದಿದ್ದಲ್ಲಿ ಅದನ್ನೇ ಹಾಕಬೇಕು. ಇಂಜಿನ್ ಎಣ್ಣೆಯನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಸೋಕಿಸಿದರೆ ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ಕೆಲವು ಟ್ರ್ಯಾಕ್ಟರುಗಳ ಬ್ರೇಕಿಗೆ ಖನಿಜ ತೈಲವೇ ಬೇಕು. ಅಂಥದರ ಸಿಲಿಂಡರನ್ನು ಜೀಪಿಗೂ, ಜೀಪಿನದನ್ನು ಅದಕ್ಕೂ ಬದಲಾಯಿಸಲೇಬಾರದು.

ಹಾಗೆಂದು ಬದಲಾವಣೆಯೇ ಕೂಡದೆಂದಲ್ಲ. ಹಳೆಯ ಜೀಪಿನಲ್ಲಿ ಎಣ್ಣೆಗೆ ಒಂದೇ ದಾರಿ. ಒಂದು ಕೊಳವೆ ಒಡೆದರೆ ನಾಲ್ಕು ಚಕ್ರದ ಬ್ರೇಕೂ ಹೋಯಿತು. ಇದನ್ನು ತಪ್ಪಿಸಲೆಂದೇ ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ದಾರಿಯ ಸಿಲಿಂಡರನ್ನು ಕಡ್ಡಾಯಮಾಡಿದರು. ಅಂಥದನ್ನು ನಮ್ಮ ಜೀಪಿಗೆ ಹಾಕಿಸುವುದು ಒಳ್ಳೆಯ ಕೆಲಸವೇ. ಆದರೆ ಒಳ ಅಗಲ, ಪೆಡಲಿನ ಸನ್ನೆಯ ಅಳತೆ, ಮುಂದಿನ ಮತ್ತು ಹಿಂದಿನ ಚಕ್ರಗಳ ದಾರಿ, ಈ ಮೂರನ್ನೂ ಬಲ್ಲ ಮೆಕ್ಯಾನಿಕನಿಂದಲೇ ಮಾಡಿಸಿರಿ.

ಕೂರಿಸಿದ ಮೇಲೆ ಪರೀಕ್ಷೆ ಮಾಡದೆ ರಸ್ತೆಗಿಳಿಸಬೇಡಿ. ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ತೆಗೆಯಿರಿ. ಪೆಡಲನ್ನು ಬಲವಾಗಿ ಒಂದು ನಿಮಿಷ ತುಳಿದು ಹಿಡಿಯಿರಿ. ಮೆಲ್ಲನೆ ಇಳಿದರೆ ಎಲ್ಲೋ ಸೋರುತ್ತಿದೆ. ಜಾಕಿ ಕೊಟ್ಟು ಚಕ್ರಗಳನ್ನೆತ್ತಿ, ತುಳಿದು ಬಿಟ್ಟ ಮೇಲೆ ಅವು ಸಲೀಸಾಗಿ ತಿರುಗುತ್ತವೆಯೇ ನೋಡಿರಿ. ಅನಂತರ ಖಾಲಿ ಜೀಪನ್ನು ಬಯಲಿನಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿರಿ. ಘಟ್ಟ ಇಳಿಯುವುದು, ಹೇರು ಹೊರುವುದು ಇವೆಲ್ಲ ಆಮೇಲೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಗುಜರಿಯ ಸಿಲಿಂಡರಿನಲ್ಲಿ ಉಳಿಸಿದ ಹಣಕ್ಕೆ ಹೋದ ಪ್ರಾಣವೂ ಹಾಗೆಯೇ. ಸರಿಯಾದ ಭಾಗ ಬರಲು ನಾಲ್ಕು ದಿನ ತಡವಾದರೆ ಆಗಲಿ. ಅಲ್ಲಿಯವರೆಗೆ ಜೀಪು ಕೊಟ್ಟಿಗೆಯಲ್ಲೇ ನಿಂತಿರಲಿ.