ಮಾಗಿಗೆ ಮುನ್ನ ಹಿತ್ತಿಲ ಮರಗಳ ಆರೈಕೆ



ಶೀತದೇಶಗಳಲ್ಲಿ ಎಲೆಯುದುರುವ ಕಾಲ ಬಂತೆಂದರೆ ಜನರು ಮನೆಯಂಗಳದ ಮರಗಳನ್ನು ಹಿಮದಿಂದ ಕಾಯಲು ಸಿದ್ಧರಾಗುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಅಲ್ಲಿನ ಮಾಗಿಯ ಚಳಿ ಮರವನ್ನು ಕೊಲ್ಲುವಂಥದ್ದೂ ಅಲ್ಲ. ಆದರೆ ಕಾರ್ತಿಕದಲ್ಲಿ ಮಳೆ ನಿಂತರೆ ನೆಲ ಮತ್ತೆ ಚೆನ್ನಾಗಿ ನೆನೆಯುವುದು ಯುಗಾದಿ ಕಳೆದ ಮೇಲೆಯೇ. ಆ ನಾಲ್ಕೈದು ತಿಂಗಳ ಒಣಹವೆಯೇ ಬಯಲುಸೀಮೆಯ ಮರಗಳ ಸತ್ವಪರೀಕ್ಷೆ. ಬೇವು, ಹೊಂಗೆಗಳು ಎಲೆ ಕಳಚುವುದೂ ಈ ಒಣಗಾಲದಲ್ಲಿಯೇ. ಅದು ರೋಗವಲ್ಲ, ನೀರಿನ ಮಿತವ್ಯಯ.

ಈ ಮಾತಿಗೂ ಮಲೆನಾಡಿಗೂ ಸಂಬಂಧವಿದೆ. ಮಲೆಗಳಲ್ಲಿ ಹುಟ್ಟುವ ಕಾವೇರಿ, ಹೇಮಾವತಿಗಳ ನೀರೇ ಕೃಷ್ಣರಾಜಸಾಗರದಲ್ಲಿ ನಿಂತು, ವಿಶ್ವೇಶ್ವರಯ್ಯ ನಾಲೆಯ ಮೂಲಕ ಈ ಮೂರೂ ತಾಲ್ಲೂಕುಗಳಿಗೆ ಹರಿಯುತ್ತದೆ. ನಾಲೆಯಿರುವಾಗ ಮರದ ಚಿಂತೆಯೇಕೆಂಬ ಭಾವನೆ ಅಲ್ಲಿ ಬೇರೂರಿತ್ತು. 2023ರಲ್ಲಿ ಮುಂಗಾರು ಕೈಕೊಟ್ಟಿತು; ಕಟ್ಟೆ ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ನಾಲೆಯ ಕೊನೆಯಂಚಿನ ಹಳ್ಳಿಗಳಿಗಂತೂ ಒಳ್ಳೆಯ ವರ್ಷದಲ್ಲೂ ನೀರಿನ ಭರವಸೆಯಿಲ್ಲ. ಮರದ ಬುಡದಲ್ಲಿ ಹಿಡಿದಿಟ್ಟ ಮಳೆನೀರೊಂದೇ ಅಲ್ಲಿ ಆಧಾರ.

ಕಾರ್ಯಕ್ರಮವನ್ನು ಮಳೆನಕ್ಷತ್ರಗಳೇ ಸೂಚಿಸುತ್ತವೆ. ಚಿತ್ತೆಯ ಮಳೆಯಲ್ಲಿ ಬುಡದ ಸುತ್ತ ಪಾತಿ ತೆಗೆಯಬೇಕು. ನೀರು ಹೀರುವ ಎಳೆಬೇರುಗಳು ಕಾಂಡದ ಬಳಿಗಿಂತ ಕೊಂಬೆಗಳ ನೆರಳಿನಂಚಿನ ಕಡೆಗೆ ಹೆಚ್ಚಾಗಿರುವುದರಿಂದ ಪಾತಿಯೂ ಅಲ್ಲಿಗೆ ಹರಡಿರಬೇಕು. ಗುದ್ದಲಿ ಆಳಕ್ಕಿಳಿಯಬಾರದು. ಸ್ವಾತಿಯ ಮಳೆಯನ್ನು ಪಾತಿ ಕುಡಿಯಲಿ. ಅನಂತರ, ನೆಲ ಹಸಿಯಿರುವಾಗಲೇ ತರಗು ಹೊದಿಸಬೇಕು. ಹೊದಿಕೆ ಕಾಂಡದಿಂದ ಒಂದು ಗೇಣು ದೂರವಿದ್ದರೆ ತೊಗಟೆ ಕೊಳೆಯದು, ಗೆದ್ದಲೂ ಸುಲಭವಾಗಿ ಏರದು.

ಹೊದಿಕೆಗೆ ಬೇಕಾದುದು ಆ ಸೀಮೆಯಲ್ಲಿ ಹೇರಳವಾಗಿದೆ. ಗದ್ದೆಯಲ್ಲೇ ಸುಡಲ್ಪಡುವ ಕಬ್ಬಿನ ತರಗು ಒಂದು. ಮದ್ದೂರಿನ ಎಳನೀರು ವ್ಯಾಪಾರದಿಂದ ಉಳಿಯುವ ಬುರುಡೆ, ಸಿಪ್ಪೆ ಇನ್ನೊಂದು. ತೆಂಗಿನ ಬುಡದಿಂದ ಐದಾರು ಅಡಿ ದೂರದಲ್ಲಿ ಚರಂಡಿ ತೋಡಿ, ಸಿಪ್ಪೆಯ ಒಳಮೈ ಮೇಲಾಗುವಂತೆ ಪದರ ಪದರವಾಗಿ ಹೂತರೆ ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಬಯಲಿನಲ್ಲಿ ರಾಶಿ ಬಿದ್ದರೆ ಅದೇ ಬುರುಡೆ ಸೊಳ್ಳೆಯ ತವರು. ಸಂಕ್ರಾಂತಿಯ ಕಿಚ್ಚಿಗೆ ಒಂದು ಹೊರೆ ಹುಲ್ಲು ಸಾಕು; ಹಿತ್ತಿಲ ತರಗನ್ನೆಲ್ಲ ಸುಡಬೇಕಾಗಿಲ್ಲ.

ಕೊಂಬೆ ಸವರುವಲ್ಲಿ ವಿವೇಕ ಬೇಕು. ಮಾವು ಮಾಗಿಯಲ್ಲಿ ಚಿಗುರುತುದಿಗಳಲ್ಲೇ ಹೂ ಬಿಡುತ್ತದೆ. ಆದ್ದರಿಂದ ಈಗ ಒಣಗಿದ, ರೋಗ ತಗುಲಿದ ರೆಂಬೆಗಳನ್ನೂ ಬದನಿಕೆಯನ್ನೂ ಮಾತ್ರ ತೆಗೆಯಬೇಕು. ಫಲ ಬಿಡುವ ಮಾವಿಗೆ ಹೂವಿಗೆ ಮುನ್ನ ನೀರು ನಿಲ್ಲಿಸಿ, ಕಾಯಿ ಬಟಾಣಿಯಷ್ಟಾದ ಮೇಲೆ ಕೊಡುವುದು ರೂಢಿ. ಎಳೆಯ ಸಸಿಗಳಿಗೆ ಈ ನಿಯಮವಿಲ್ಲ. ಅವುಗಳಿಗೆ ನೀರು ತಪ್ಪಬಾರದು. ತೆಂಗಿನ ಸುಳಿ ಕೊರೆಯುವ ದುಂಬಿ ತಿಪ್ಪೆಯಲ್ಲಿ ಮರಿ ಮಾಡುವುದರಿಂದ ಸುಳಿಯ ಜೊತೆಗೆ ತಿಪ್ಪೆಯನ್ನೂ ಶುಚಿಗೊಳಿಸಬೇಕು.

ಕೊಯ್ದ ಗಾಯಕ್ಕೆ ಬೋರ್ಡೋ ಮುಲಾಮು ಸವರಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು ಇದರ ಪ್ರಮಾಣ. ಮೈಲುತುತ್ತ ಕರಗಿಸಲು ಲೋಹದ ಪಾತ್ರೆ ಸಲ್ಲದು. ಇದರ ತೆಳು ರೂಪವಾದ ದ್ರಾವಣ ಅಡಿಕೆ ಬೆಳೆಗಾರರಿಗೆ ಚಿರಪರಿಚಿತ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಈ ದ್ರಾವಣವನ್ನು ಬಳಕೆಗೆ ತಂದರು. ಮುಂದೆ ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೂ ದುಡಿದರು. ಮಲೆಗೂ ಬಯಲಿಗೂ ಒಂದೇ ವಿದ್ಯೆ ನೆರವಾದುದಕ್ಕೆ ಇದು ನಿದರ್ಶನ.

ಇಂದು ಹಿತ್ತಿಲ ಮರಕ್ಕೆ ಬರಗಾಲದಷ್ಟೇ ದೊಡ್ಡ ಶತ್ರು ಸಿಮೆಂಟು. ಅಂಗಳದ ಚೊಕ್ಕಟಕ್ಕಾಗಿ ಕಾಂಡಕ್ಕೆ ತಾಗುವಂತೆ ಗಾರೆ ಹಾಕಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮರ ಸೊರಗಿದ ಮೇಲೆ ಅದನ್ನು ಕಡಿಯಲು ಕಾರಣವೂ ಸಿದ್ಧ.

ವಿದ್ಯಾರ್ಥಿಗಳು ಶಾಲೆಯ ಆವರಣದಲ್ಲೇ ಇದನ್ನು ಪರೀಕ್ಷಿಸಬಹುದು. ಒಂದು ಮರಕ್ಕೆ ತರಗು ಹೊದಿಸಲಿ, ಅಂಥದೇ ಇನ್ನೊಂದನ್ನು ಹಾಗೆಯೇ ಬಿಡಲಿ. ಮಾಘ ಮಾಸದಲ್ಲಿ ಎರಡರ ಬುಡದಲ್ಲೂ ಒಂದು ಗೇಣು ಮಣ್ಣು ಬಗೆದು ಹಿಡಿಯಲ್ಲಿ ಹಿಸುಕಿ ನೋಡಲಿ. ಯಾವ ಮಣ್ಣು ಉಂಡೆಯಾಗುತ್ತದೆ, ಯಾವುದು ಪುಡಿಯಾಗುತ್ತದೆ ಎಂಬುದನ್ನು ಊರವರಿಗೂ ಕರೆದು ತೋರಿಸಲಿ.